ನಾಲ್ಕು ಬೆರಳಿನ ಚುಟ್ಟ

ಚಿಕ್ಕ ಚುಟ್ಟವೇಕೆ ಅಗ್ಗವೆಂದು ಕೊಟ್ಟೂರಿನಲ್ಲಿ ಚುಟ್ಟ ಸುತ್ತುವ ಗಿಡ್ಡಮ್ಮನನ್ನು ಕೇಳಿದರೆ, ಮೊರದ ಮೇಲಿನ ಕೈಯನ್ನು ನಿಲ್ಲಿಸದೆಯೇ ಆಕೆ ಉತ್ತರಿಸುತ್ತಾಳೆ: “ದೊಡ್ಡದಕ್ಕ ಇಡೀ ಎಲಿ ಬೇಕ್ರಿ. ಸಣ್ಣದಕ್ಕ ಕೆಟ್ಟಿದ್ದೆಲ್ಲಾ ನಡೀತೈತಿ.”

ದೊಡ್ಡ ಚುಟ್ಟಕ್ಕೆ ಆರಿಸಿದ ಹೊಗೆಸೊಪ್ಪಿನ ಎಲೆಯಲ್ಲಿ ಹುಳು ಕಚ್ಚಿದ ತೂತೊಂದೂ ಇರಕೂಡದು. ನಡುವಿನ ನರವನ್ನು ಎಲೆ ಸೀಳದಂತೆ ಎಳೆದು ತೆಗೆಯಬೇಕು. ಬೆಲ್ಲದ ನೀರು ಚಿಮುಕಿಸಿ, ಗೋಣಿಯಲ್ಲಿ ಕಟ್ಟಿ, ಹದಕ್ಕೆ ಬರುವ ತನಕ ತಿಂಗಳುಗಟ್ಟಲೆ ಕಾಯಬೇಕು. ಅಂಥದೊಂದನ್ನು ಸುತ್ತುವ ಹೊತ್ತಿಗೆ ನಾಲ್ಕು ಬೆರಳಿನಗಲ ಉದ್ದದ ಚಿಕ್ಕವು ಹತ್ತಾಗುತ್ತವೆ. ಹರಿದ ಎಲೆ, ಮುರಿದ ಚೂರು, ಮೊರದಡಿಯ ಪುಡಿ, ಹೀಗೆ ದೊಡ್ಡದು ಒಲ್ಲೆನೆಂದುದೆಲ್ಲವೂ ಚಿಕ್ಕದರ ಹೊಟ್ಟೆಯನ್ನು ಸೇರುತ್ತದೆ. ಆದುದರಿಂದಲೇ ದೊಡ್ಡದನ್ನು ಶೆಡ್ಡಿನ ಗಾಳಿ ಬೆಳಕಿನಲ್ಲಿ, ಯಜಮಾನರ ಕಣ್ಣೆದುರು ಸುತ್ತಿಸುವರು. ಚಿಕ್ಕದರ ಚೀಲವನ್ನು ಹೆಂಗಸರ ತಲೆಯ ಮೇಲೆ ಮನೆಗೆ ಹೊರಿಸುವರು.

ಗಿಡ್ಡಮ್ಮನ ಒಂದೇ ಕೋಣೆಯ ಮನೆಯಲ್ಲಿ ಆ ಚೀಲ ಇಪ್ಪತ್ತೇಳು ವರ್ಷಗಳಿಂದ ದೇವರ ಗೂಡಿನ ಕೆಳಗೆ ಕುಳಿತಿತ್ತು. ಹಡಗಲಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಮಗಳು ಶಿವಗಂಗಾ, ಚೊಚ್ಚಲ ಬಸುರಿ, ಎಂಟನೆಯ ತಿಂಗಳಲ್ಲಿ ಬಂದವಳು ಹೊಸ್ತಿಲಲ್ಲಿಯೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಬಾಣಂತನಕ್ಕ ಇಲ್ಲಿಗೇ ಬರಬೇಕಂತ ನನಗೂ ಆಸಿ ಐತಿ ಯವ್ವಾ. ಆದ್ರ ಈ ಚೀಲ ಇರೋ ಮನ್ಯಾಗ ಹಸುಗೂಸಿನ್ನ ಮಲಗಿಸಂಗಿಲ್ಲ.”

“ನಿನ್ನನ್ನೂ ಇದರ ಬಾಜೂಕ ಮಲಗಿಸಿದ್ದೆ. ನರ್ಸಮ್ಮ ಆಗಲಿಲ್ಲೇನು?”

“ಹನ್ನೆರಡು ವರ್ಷ ಕೆಮ್ಮಿಕೊಂತ ಆದೆ.”

ಗಿಡ್ಡಮ್ಮ ಚೀಲದ ಬಾಯಿ ಬಿಗಿದು ಕಟ್ಟಿ ಗೋಡೆಯತ್ತ ಸರಿಸಿದಳು. ಚೀಲವನ್ನು ಬಿಟ್ಟರೆ ಅನ್ನವಿಲ್ಲ, ಇಟ್ಟುಕೊಂಡರೆ ಮೊಮ್ಮಗುವಿಲ್ಲ.

ಮರುವಾರ ಶೆಡ್ಡಿನಲ್ಲಿ ದೊಡ್ಡ ಚುಟ್ಟ ಸುತ್ತುವವಳೊಬ್ಬಳ ಮಣೆ ತೆರವಾಯಿತು. ಯಜಮಾನ ಪಾಲಾಕ್ಷಪ್ಪನವರು ಅವಳನ್ನು ಕರೆದು, “ನಾಳೆ ಬಂದು ಒಂದು ದೊಡ್ಡದು ಸುತ್ತಿ ತೋರ್ಸು ಗಿಡ್ಡಮ್ಮಾ. ಹಚ್ಚಿದಾಗ ಅರ್ಧದತನಕ ಬೂದಿ ಉದುರದಂಗ ನಿಂತ್ರ ನಾಡಿದ್ದಿಂದ ಬಂದು ಕುಂದ್ರು. ಮನ್ಯಾಗಿನ ಚೀಲ ವಾಪಸ್ ತಂದುಬಿಡು,” ಎಂದರು.

ಮರುದಿನ ಮುಂಜಾನೆ ಅವಳು ತಲೆಗೆರೆದುಕೊಂಡು, ವಿಭೂತಿ ಧರಿಸಿ, ಗುರು ಕೊಟ್ಟೂರೇಶ್ವರನಿಗೆ ಕೈಮುಗಿದು ಹೋದಳು. ಮಣೆಯ ಮೇಲೆ ಹಾಸಿದ ಎಲೆ ಎಳೆಗರುವಿನ ಕಿವಿಯಂತೆ ಮೃದುವಾಗಿತ್ತು. ಪಕ್ಕದ ಮಣೆಯ ದ್ಯಾಮಕ್ಕ ನಕ್ಕಳು: “ನಿಧಾನ ಲೇ ಗಿಡ್ಡಿ. ಎಲಿ ಎಲ್ಲೂ ಓಡಿ ಹೋಗಂಗಿಲ್ಲ.”

ಮೊದಲ ಸುತ್ತು ನೇರ್ಪಾಗಿ ಬಂದಿತು. ಎರಡನೆಯದೂ ಬಂದಿತು. ಪಾಲಾಕ್ಷಪ್ಪನವರು ಮೆಚ್ಚಿ ತಲೆದೂಗಿದರು. ಎಲೆ ಓರೆಯಾಗಿ ಮುಂದೆ ಸರಿಯುತ್ತ ನಾಲ್ಕು ಬೆರಳಿನಗಲಕ್ಕೆ ಬಂದಿತೋ ಇಲ್ಲವೋ, ಅವಳ ಹೆಬ್ಬೆರಳು ತಾನಾಗಿ ಹೊರಳಿತು. ಚಿಕ್ಕ ಚುಟ್ಟದ ತುದಿಯನ್ನು ಮುಚ್ಚುವಂತೆ ಹಿಂಡಿ ತಿರುಚಿತು. ಎಲೆ ಬುಡದವರೆಗೂ ಸೀಳಿಹೋಯಿತು.

ಗಿಡ್ಡಮ್ಮ ತನ್ನ ಕೈಯನ್ನು ಪರರ ಕೈಯೆಂಬಂತೆ ನೋಡಿದಳು.

“ಇನ್ನೊಂದು ಎಲಿ ಕೊಡ್ರಿ ಯಜಮಾನ್ರ,” ಎಂದಳು ದ್ಯಾಮಕ್ಕ.

ಕೊಟ್ಟರು. ಅದೂ ಅದೇ ಅಳತೆಯಲ್ಲಿ ಸೀಳಿತು. ಪಾಲಾಕ್ಷಪ್ಪನವರು ಬೈಯಲಿಲ್ಲ. “ಸಣ್ಣದಕ್ಕ ಪಳಗಿದ ಕೈ ತಾಯಿ ಇದು. ಇದನ್ನ ಬಿಡಿಸಾಕ ಎಷ್ಟು ಎಲಿ ಕೆಡಿಸಲಿ ನಾನು?” ಎಂದು, ಹರಿದ ಎಲೆಗಳನ್ನೆತ್ತಿ ಬಾಗಿಲ ಬಳಿಯಿದ್ದ ಚೀಲಕ್ಕೆ ಹಾಕಿದರು. ಅದು ಗಿಡ್ಡಮ್ಮನೇ ಮನೆಗೆ ಒಯ್ಯಬೇಕಾದ ಆ ವಾರದ ಚೀಲ.

ಸಂಜೆ ಮೊರದಲ್ಲಿ ಆ ಎಲೆಗಳು ಕೈಗೆ ಬಂದಾಗ ಅವಳಿಗೆ ಗುರುತು ಸಿಕ್ಕಿತು. ಪುಡಿ ತುಂಬಿ ಸುತ್ತಿದಳು. ಬೆರಳು ಎಲ್ಲಿಯೂ ತಪ್ಪಲಿಲ್ಲ.

ಕೂಸು ಹಡಗಲಿಯಲ್ಲಿಯೇ ಹುಟ್ಟಿತು. ನೋಡಹೋದ ಗಿಡ್ಡಮ್ಮ ಸೀಗೆಪುಡಿಯಿಂದ ಮೂರು ಸಲ ಕೈ ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ತೊಳೆದಳು. ಶಿವಗಂಗಾ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಮಡಿಲಿಗೆ ಹಾಕಿದಳು.

“ನಿನ್ನಂಗ ಅದಾಳ ನೋಡು ಯವ್ವಾ, ಗಿಡ್ಡಿ.”

ಗಿಡ್ಡಮ್ಮ ನಕ್ಕಳು. ಮಾತನಾಡುತ್ತಿದ್ದಂತೆಯೇ ಮಗುವಿನ ಹೊದಿಕೆಯ ತುದಿ ಅವಳ ಬೆರಳಿಗೆ ಸಿಕ್ಕಿತು. ನಾಲ್ಕು ಬೆರಳಿನಗಲಕ್ಕೆ ಹೆಬ್ಬೆರಳು ಹೊರಳಿ ಬಟ್ಟೆಯನ್ನು ಬಿಗಿಯಾಗಿ ತಿರುಚಿತು.