ಮೂರು ಗೋಡೆಗಳಾಚೆಯ ಮಾತು

ದಾವಣಗೆರೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಹಿಂಬದಿಯ ಕೋಣೆಯಲ್ಲಿ ಕೂತು "ಪ... ಪ... ಪ..." ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಯಾರೋ ಕಿಟಕಿ ಬಡಿದರು. ನೋಡಿದರೆ ಮಹಡಿಯ ಮೇಲಿರುವ ಮನೆಯೊಡತಿ ಗಿರಿಜಮ್ಮ, ಕೈಯಲ್ಲಿ ಒಂದು ಚೊಂಬು ನೀರು.

"ಯವ್ವಾ, ಗಂಟಲಾಗೆ ಏನಾದ್ರೂ ಸಿಕ್ಕೈತಾ?" ಎಂದರು.

"ಎಂತ ಇಲ್ಲ, ಮಾಷ್ಟ್ರಿಗೆ ಕಲ್ಸ್ತಾ ಇದ್ದೆ" ಎಂದೆ, ನಮ್ಮ ಕುಂದಾಪುರದ ಮಾತಿನಲ್ಲಿ.

ಅವರು ಕೋಣೆಯೊಳಗೆ ಇಣುಕಿದರು. "ಯಾವ ಮಾಷ್ಟ್ರು? ಒಳಗೆ ಯಾರೂ ಇಲ್ಲಲ್ರಿ" ಎಂದು, ನಾನು ಅರ್ಧ ಚೊಂಬು ನೀರು ಕುಡಿಯುವವರೆಗೂ ಅಲ್ಲೇ ನಿಂತಿದ್ದರು.

ಮಾಷ್ಟ್ರು ಇದ್ದದ್ದು ಲ್ಯಾಪ್‌ಟಾಪಿನ ಪರದೆಯಲ್ಲಿ. ನಾನು ವಾಕ್ ಚಿಕಿತ್ಸಕಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಗಂಡನಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿ ಎಸ್.ಎಸ್. ಬಡಾವಣೆಯಲ್ಲಿ ಮನೆ ಹಿಡಿದಾಗ, ಊರಿನ ರೋಗಿಗಳೆಲ್ಲ ಬೇರೆಯವರ ಹತ್ತಿರ ಹೋದರು. ಸುಬ್ರಾಯ ಮಾಷ್ಟ್ರು ಒಬ್ಬರು ಮಾತ್ರ ಹೋಗಲೊಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಅವರ ಬಾಯಲ್ಲಿ ಆಗ ಉಳಿದಿದ್ದದ್ದು ಎರಡೋ ಮೂರೋ ಸದ್ದು. ಅವರಿಗೆ ಬೇಕಾಗಿದ್ದದ್ದು ಒಂದೇ ಶಬ್ದ, ಹೆಂಡತಿ ಪದ್ಮಕ್ಕನ ಹೆಸರು. ಅದಕ್ಕಾಗಿಯೇ ನಮ್ಮ ಪ, ಪ, ಪ.

ಹೊಸ ಊರಿಗೆ ನಾನು ಬೇಗ ಹೊಂದಿಕೊಂಡೆ ಎಂದೇ ಹೇಳಬೇಕು. ನಮ್ಮಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ. ಇಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕು, ಇಲ್ಲಿ ಎರಡು ಗಂಟೆ ಸಾಕು. ಹೊಂದಿಕೊಳ್ಳದೆ ಉಳಿದದ್ದು ಇಂಟರ್‌ನೆಟ್ ಒಂದೇ. ಕಂಪನಿಯವರು ತಂತಿ ತಂದು, ಬಿಳಿ ಡಬ್ಬಿಯನ್ನು ಬೀದಿ ಕಡೆಯ ಹಾಲ್‌ನಲ್ಲಿ ಕೂರಿಸಿ ಹೋಗಿದ್ದರು. ಹಾಲ್‌ನಲ್ಲಿ ಕೂತು ಪಾಠ ಮಾಡೋಣವೆಂದರೆ ತರಕಾರಿ ಗಾಡಿಯವರ ಧ್ವನಿವರ್ಧಕ. ಸದ್ದಿಲ್ಲದ ಹಿಂಬದಿಯ ಕೋಣೆಗೆ ಬಂದರೆ, ನಡುವೆ ಮೂರು ದಪ್ಪ ಗೋಡೆ.

ಒಂದು ಬುಧವಾರ ಮಾಷ್ಟ್ರು ತುಟಿ ಮುಚ್ಚಿದರು. ಕಣ್ಣು ಪದ್ಮಕ್ಕನ ಕಡೆ ತಿರುಗಿತು. ಬರುತ್ತದೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಮುಚ್ಚಿದ ತುಟಿಯ ಮಾಷ್ಟ್ರು ಪರದೆಯ ಮೇಲೆ ಹಾಗೆಯೇ ಉಳಿದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಓಡುವಾಗ ಮೊಬೈಲ್ ರಿಂಗಾಯಿತು. ಪದ್ಮಕ್ಕ ಅಳುತ್ತಿದ್ದರು.

"ಹೇಳ್ರ್ ಮಾರಾಯ್ತಿ. ನನ್ನ ಹೆಸ್ರ್ ಹೇಳ್ರ್. ನಿಮ್ಗ್ ಕೇಂತಾ?"

ಚಿತ್ರ ನಿಂತ ಹೊತ್ತಿನಲ್ಲೇ ಮಾಷ್ಟ್ರು ಹೆಸರು ಹೇಳಿದ್ದರು. ನನಗೆ ಕೇಳಿಸಲಿಲ್ಲ ಎಂದೆ. ಅವರು "ಅಡ್ಡಿಲ್ಲ, ನಾಳೆ ಹೇಳ್ತ್ರ್" ಎಂದರು. ಮರುದಿನ ಮಾಷ್ಟ್ರಿಗೆ ಅದು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಒಮ್ಮೆ ಬಂದ ಮಾತು ಗಟ್ಟಿಯಾಗಬೇಕಾದರೆ, ಅದು ಹೇಗೆ ಬಂತೆಂದು ಕಲಿಸುವವರು ನೋಡಿರಬೇಕು, ಆ ಕ್ಷಣವೇ ಮತ್ತೆ ಹೇಳಿಸಬೇಕು. ನಾನು ಅಲ್ಲಿರಲಿಲ್ಲ.

ಶನಿವಾರ ವೈಫೈ ರೂಟರ್ ತರಲು ಮಂಡಿಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಮಾಲೀಕರು ನಯಾಜ್ ಸಾಬರು, ಐವತ್ತು ದಾಟಿದವರು. "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲ್ ಎಳೆದರು. ಎಂಟು ಆಂಟೆನಾಗಳ ಕರಿಯ ರೂಟರೊಂದನ್ನು ತೋರಿಸಿ ಅದನ್ನೇ ಕೊಡಿ ಎಂದೆ.

"ತಡೀರಿ. ಮನೆ ಹೆಂಗೈತೆ ಮೊದ್ಲು ಹೇಳ್ರಿ" ಎಂದರು. ಒಂದು ಹಾಳೆ ಕೊಟ್ಟು ನಕ್ಷೆ ಬರೆಸಿದರು. ಎಲ್ಲಿ ಡಬ್ಬಿ, ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ, ನಡುವೆ ಬೀರು ಗೀರು ಇದೆಯಾ ಎಂದೆಲ್ಲ ಕೇಳಿ, "ಕೊಂಬು ಎಣಿಸಬ್ಯಾಡ್ರಿ, ಗ್ವಾಡಿ ಎಣಿಸ್ರಿ. ಇಷ್ಟು ದಪ್ಪ ಗ್ವಾಡಿ ಮೂರು ದಾಟಾದ್ರಾಗೆ ಎಂಥಾ ರೂಟರ್ ಆದ್ರೂ ಸುಸ್ತಾಗ್ತೈತೆ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ವೈಫೈಯಲ್ಲಿ ಎರಡು ಬಗೆ: ಒಂದು ನಿಧಾನ, ಆದರೆ ಗೋಡೆ ದಾಟುತ್ತದೆ, ಇನ್ನೊಂದು ಚುರುಕು, ಆದರೆ ಗೋಡೆ ಕಂಡರೆ ಸೋಲುತ್ತದೆ. ಎರಡೂ ಇರುವ ಸಾಧಾರಣ ರೂಟರ್ ಒಂದನ್ನು ಕೆಲಸ ಮಾಡುವ ಕೋಣೆಯಲ್ಲೇ ಇಟ್ಟು, ಹಾಲ್‌ನ ಡಬ್ಬಿಯಿಂದ ಅಲ್ಲಿಗೆ ಕೇಬಲ್ ಎಳೆದರೆ ಮುಗಿಯಿತು. "ಕರೆಂಟ್ ಹೋದಾಗ ಬೇಕಂದ್ರೆ ಸಣ್ಣ ಬ್ಯಾಟ್ರಿ ಎರಡು ತಗಳ್ರಿ, ಡಬ್ಬಿಗೊಂದು, ರೂಟರ್‌ಗೊಂದು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ರೆ ಉಪಯೋಗಿಲ್ಲ." ಗಂಡ ದಿನಾ ಹರಿಹರಕ್ಕೆ ಹೋಗಿ ಬರುತ್ತಾರೆಂದು ತಿಳಿದಾಗ ನಕ್ಕರು. "ನಾನು ಹರಿಹರದವನು, ದಿನಾ ಇಲ್ಲಿಗೆ ಬರ್ತೀನಿ. ಹೊಳಿ ಹತ್ರ ಎದುರುಬದುರು ಆಗ್ತಿರ್ತೀವಿ ಬಿಡ್ರಿ." ಹೊಳೆ ಎಂದರೆ ಇಲ್ಲಿಯವರಿಗೆ ತುಂಗಭದ್ರೆ.

ಭಾನುವಾರ ಕೇಬಲ್ ಎಳೆಯಲು ಗಂಡ ಡ್ರಿಲ್ ಹಿಡಿದು ನಿಂತಾಗ ಗಿರಿಜಮ್ಮ ಬಂದರು. ಮಧ್ಯದ ಗೋಡೆ ಅವರ ಮಾವನವರ ಕಾಲದಿಂದ ದೇವರ ಜಗಲಿ ಇರುವ ಗೋಡೆ.

"ಅದಕ್ಕೆ ತೂತು ಹೊಡಿಬ್ಯಾಡ್ರಿ" ಎಂದರು, ಅಷ್ಟೇ.

ಅವರನ್ನು ಒಳಗೆ ಕರೆದು, ಮೊಬೈಲಿನಲ್ಲಿದ್ದ ಮಾಷ್ಟ್ರ ಹಳೆಯ ವಿಡಿಯೊ ತೋರಿಸಿದೆ. ಮಾಷ್ಟ್ರು ಬೆವರುತ್ತಾ ತುಟಿ ಕೂಡಿಸಲು ಹೆಣಗುತ್ತಿದ್ದರು, ಪದ್ಮಕ್ಕ ಟವೆಲಿನಿಂದ ಅವರ ಗಲ್ಲ ಒರೆಸುತ್ತಿದ್ದರು. ಗಿರಿಜಮ್ಮ ಎರಡು ಸಲ ನೋಡಿದರು. ಸೀದಾ ಹೊರಗೆ ಹೋಗಿ, ಪಕ್ಕದ ಸಂದಿಯಲ್ಲಿ ನಿಂತು ಕೂಗಿದರು. "ಇಲ್ಲಿ ಬರ್ರಿ. ಹಳೇ ಟಿವಿ ವೈರ್ ಹೋಗಿದ್ದ ದಾರಿ ಐತೆ. ಹಾಲ್ ಗವಾಕ್ಷಿಯಾಗಿಂದ ಬಂದು, ಅಡಿಗೆಮನಿ ಮೇಲ್ಗಡಿಯಿಂದ ಹಿಂದಕ್ಕೆ ಹೋಗ್ತೈತೆ. ಯಾವ ಗ್ವಾಡೀನೂ ಒಡಿಯಂಗಿಲ್ಲ."

ಗಂಡ ಏಣಿ ಹತ್ತಿದರು, ಗಿರಿಜಮ್ಮ ಕೆಳಗೆ ಏಣಿ ಹಿಡಿದರು, ನಾನು ಕೇಬಲ್ ಬಿಡಿಸಿ ಕೊಟ್ಟೆ. ರೂಟರನ್ನು ಕಪಾಟಿನೊಳಗಿಡದೆ ಎತ್ತರದಲ್ಲಿ ತೆರೆದಿಡಬೇಕು ಎಂದು ನಯಾಜ್ ಸಾಬರು ಹೇಳಿದಂತೆಯೇ ಇಟ್ಟೆವು. ಹೊಸ ಹೆಸರು, ಹೊಸ ಪಾಸ್‌ವರ್ಡ್ ಹಾಕುವಾಗ ಒಮ್ಮೆ ತಪ್ಪಿ ಎಲ್ಲವೂ ಅಳಿಸಿಹೋಗಿ, ಸಾಬರಿಗೆ ಫೋನ್ ಮಾಡಿ ಮೊದಲಿನಿಂದ ಶುರುಮಾಡಿದೆವು. ಕೊನೆಗೆ ಹಸಿರು ದೀಪ ನಿಂತು ಉರಿಯಿತು. ಗಿರಿಜಮ್ಮ ಮೇಲಿನಿಂದ ಮಂಡಕ್ಕಿ ಕಲಸಿ ತಂದರು.

ಒಂಬತ್ತು ದಿನಗಳಾದ ಮೇಲೆ ಮಾಷ್ಟ್ರು ತುಟಿ ಮುಚ್ಚಿ ತೆರೆದು "ಪದ್ಮ" ಎಂದರು. ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಕ್ಷಣವೇ ಏಳು ಸಲ ಹೇಳಿಸಿದೆ. ಪದ್ಮಕ್ಕ ಏಳು ಸಲವೂ ಓಗೊಟ್ಟರು.

ಈಗ ಮಾಷ್ಟ್ರು ಎರಡು ಶಬ್ದ ಕೂಡಿಸಿ ಹೇಳುತ್ತಾರೆ. ಹೋದ ವಾರ ನೀರಿನ ಲೋಟದ ಚಿತ್ರ ತೋರಿಸಿದೆ. "ನೀರು..." ಎಂದು ತಡೆದು, ನನ್ನ ಬಾಯನ್ನೇ ನೋಡಿ "ಐತೆ" ಎಂದರು.

ಪದ್ಮಕ್ಕ ಗೊಳ್ಳೆಂದು ನಕ್ಕರು. "ನಮ್ ಮಾಷ್ಟ್ರು ಘಟ್ಟ ಹತ್ತಿದ್ರಲೆ. ಇದನ್ನ್ ಯಾರ್ ಕಲ್ಸದ್ದ್?"

ಕಲಿಸಿದವಳು ನಾನೇ. ಗಿರಿಜಮ್ಮನ ಜೊತೆ ಸಂಜೆಗಳನ್ನು ಕಳೆಯುತ್ತಾ ನನ್ನ ನಾಲಿಗೆ ಯಾವಾಗ ಇಲ್ಲಿಯ ಮಾತಿಗೆ ಹೊರಳಿತೋ ನನಗೇ ತಿಳಿದಿಲ್ಲ. ತಿದ್ದಬೇಕೆಂದು "ಇತ್ತ್" ಎಂದೆ, ನಮ್ಮೂರಿನಲ್ಲಿ ಇದೆ ಎನ್ನುವುದು ಹಾಗೆ. ನನ್ನ ಕಿವಿಗೇ ಅದು ಯಾರೋ ನೆಂಟರ ಮಾತಿನಂತೆ ಕೇಳಿಸಿತು. ಮಾಷ್ಟ್ರು ತಲೆಯಾಡಿಸಿ, ಹಟದಿಂದ, "ಐತೆ" ಎಂದರು. ಅವರ ಕಡತದಲ್ಲಿ ಅಂದಿನ ತಾರೀಕಿನ ಮುಂದೆ ಎರಡೂ ಶಬ್ದ ಬರೆದೆ. ಯಾವುದರ ಮುಂದೆ ಸರಿ ಎಂದು ಗುರುತು ಹಾಕುವುದೆಂದು ತಿಳಿಯದೆ, ಎರಡರ ಮುಂದೆಯೂ ಹಾಕಿದೆ.