ನೀಲಿ ಡ್ರಮ್ಮಿನಲ್ಲಿ ಏನಿತ್ತು

ಈಗಲೂ ಯಾರಾದರೂ ನೀರು ಕೊಟ್ಟರೆ ಮೊದಲು ಮೂಸಿ ನೋಡುತ್ತೇನೆ. ಎಂಬತ್ತರ ದಶಕದ ಆ ಬೆಳಗ್ಗೆ ಮೂಸಿರಲಿಲ್ಲ.

ಬೆಳಗಾವಿಯಲ್ಲಿ ಕಾನೂನು ಓದುತ್ತಿದ್ದ ನಾನು ದಸರೆ ರಜೆಗೆ ಖಾನಾಪುರದ ಕಾಕಾನ, ಅಂದರೆ ಅಪ್ಪನ ತಮ್ಮನ, ಮನೆಗೆ ಹೋಗಿದ್ದೆ. ಕಾಕಾ ಬೆಳಗಾವಿ ಹತ್ತಿರದ ಕಾಕತಿ ಕಡೆಯ ಕೀಟನಾಶಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೊರದೇಶದ ದೊಡ್ಡ ಕಂಪನಿ. ಖಂಡೇನವಮಿಯ ದಿನ ಯಂತ್ರಗಳ ಪೂಜೆ ಮುಗಿದ ಮೇಲೆ ಕೆಲಸಗಾರರಿಗೆ ತಲಾ ಒಂದು ಖಾಲಿ ಡ್ರಮ್ ಕೊಡುವುದು ಅಲ್ಲಿಯ ಔದಾರ್ಯ. ಕಂಪನಿಯವರು ತಮ್ಮ ದೇಶದಲ್ಲಾದರೆ ಅದನ್ನು ಮನುಷ್ಯರಿಂದ ದೂರ ಒಯ್ದು ನಾಶಮಾಡಬೇಕಿತ್ತು. ಇಲ್ಲಿ ಪೇಢೆಯ ಜೊತೆ ಹಂಚಿದರಾಯಿತು.

ಹಬ್ಬ ಮುಗಿದ ಮಾರನೆಯ ಬೆಳಗ್ಗೆ ಕಾಕಾನ ಹೆಂಡತಿ ಚಿಗವ್ವ ಆ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಹೊಸ ತಾಮ್ರದ ಹಂಡೆಯಂತೆಯೇ ಶುದ್ಧ ಮಾಡಿದಳು. ಅರ್ಧ ಮೈ ಒಳಗಿಳಿಸಿ, ಹುಣಸೆಹಣ್ಣು, ಬೂದಿ ಹಚ್ಚಿ ಬರಿಗೈಯಲ್ಲಿ ತಿಕ್ಕಿದಳು. ಹೊರಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ನೀರು ತುಂಬಿ, ನನಗೊಂದು ತಂಬಿಗೆ ಕೊಟ್ಟಳು.

“ಕುಡದು ನೋಡಪಾ. ಪರದೇಶದ ಹಂಡೆ! ನೀರೂ ಇಂಗ್ಲಿಷ್ ಮಾತಾಡತಾವೇನ ನೋಡು.”

ತಂಬಿಗೆ ತುಟಿಗೆ ತಾಗಿತ್ತು. ಅಷ್ಟರಲ್ಲಿ ಅವಳು ಗೋಡೆ ಹಿಡಿದು ಕುಸಿದಳು. ಬಾಯಿಂದ ಜೊಲ್ಲು, ಮೈತುಂಬ ಬೆವರು. ಕಣ್ಣಿನ ಪಾಪೆಗಳು ಸಾಸಿವೆಯಷ್ಟಾಗಿದ್ದವು.

ಟೆಂಪೋದಲ್ಲಿ ಬೆಳಗಾವಿಗೆ ತಂದೆವು. ಡಾಕ್ಟರು ಕೇಳಿದ್ದು ಒಂದೇ.

“ಡ್ರಮ್ಮಿನ್ಯಾಗಿದ್ದ ಔಷಧದ ಹೆಸರೇನು? ಒಂದೊಂದು ವಿಷಕ್ಕ ಒಂದೊಂದು ಮದ್ದು ಐತ್ರಿ. ಲಗೂ ತಿಳಕೊಂಡು ಬರ್ರಿ.”

ಡ್ರಮ್ಮಿನ ಮೇಲೆ ಬರೀ ಒಂದು ನಂಬರಿತ್ತು. ಜೊತೆಗೆ ಬಂದಿದ್ದ ನೆರೆಯವರನ್ನು ಅವಳ ಬಳಿ ಬಿಟ್ಟು ನಾನೂ ಕಾಕಾನೂ ಕಾರ್ಖಾನೆಗೆ ಓಡಿದೆವು. ಮ್ಯಾನೇಜರ್ ಕಪ್ಪಿನಿಂದ ಚಹಾ ಸುರಿದುಕೊಂಡ ಬಸಿ ಕೆಳಗಿಡದೆ ಹೇಳಿದ:

“ನಮಗೂ ಗೊತ್ತಿಲ್ರಿ. ಮಾಲು ಹೊರಗಿಂದ ನಂಬರಿನ ಮ್ಯಾಲೇ ಬರ್ತದ. ನಾವು ಬರೇ ಕಲಸಿ ತುಂಬತೀವಿ.”

ನಾನು ಮೇಜು ಬಡಿದ ಮೇಲೆ ಕಂಪನಿಯ ಮುಂಬಯಿ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದ. ಒಂದು ತಾಸು ಕಾದೆವು. ಅಲ್ಲಿಯ ಸಾಹೇಬ ಸೊಗಸಾದ ಇಂಗ್ಲಿಷಿನಲ್ಲಿ ನನಗೆ ತಿಳಿಹೇಳಿದ: ಇಲ್ಲಿಯ ಕಂಪನಿ ಬೇರೆ, ಹೊರದೇಶದ್ದು ಬೇರೆ, ಒಳಗೇನಿದೆ ಎಂಬುದು ಅಲ್ಲಿಯವರ ವ್ಯಾಪಾರದ ಗುಟ್ಟು, ಅವರಿಗೆ ಪತ್ರ ಬರೆಯಿರಿ.

ನಾನದನ್ನು ಕನ್ನಡದಲ್ಲಿ ಹೇಳಿದ ಮೇಲೆ ಕಾಕಾ ಮ್ಯಾನೇಜರನ ತಲೆಯ ಮೇಲಿನ ಕಂಪನಿಯ ಬೋರ್ಡು ತೋರಿಸಿದ. “ಸಾಹೇಬ್ರ, ಅಲ್ಲೀದೂ ಇದ ಹೆಸರು, ಇಲ್ಲೀದೂ ಇದ ಹೆಸರು. ನನ್ನ ಹೇಣ್ತಿ ಬಿದ್ದ ಕೂಡಲೇ ಎರಡು ಕಂಪನಿ ಹೆಂಗ ಆದವ್ರಿ?”

ಮ್ಯಾನೇಜರ್ ಬಸಿಯಲ್ಲಿ ಉಳಿದು ಆರಿಹೋಗಿದ್ದ ಚಹಾ ಕುಡಿದ.

ನಾವು ಮರಳುವಷ್ಟರಲ್ಲಿ ಡಾಕ್ಟರು ಅಂದಾಜಿನ ಮೇಲೆ ಒಂದು ಮದ್ದು ಕೊಟ್ಟಿದ್ದರು. ಸಂಜೆಗೆ ಚಿಗವ್ವ ತೀರಿಕೊಂಡಳು. ಕಾಗದದಲ್ಲಿ ಸಾವಿನ ಕಾರಣವೆಂದು ಬರೆದದ್ದು ‘ಗೊತ್ತಿಲ್ಲದ ವಿಷ’. ಗೊತ್ತಿದ್ದವರು ಸಮುದ್ರದಾಚೆ ಆರಾಮಾಗಿ ಇದ್ದರು.

ದಿನಕರ್ಮ ಮುಗಿದ ಮೇಲೆ ಕಾಕಾ ಕೇಳಿದ: “ಕಾಯದೆ ಓದಾಕತ್ತೀಯಲಾ, ಅವರನ್ನ ಕರದು ನಿಂದರಸೂ ಕೋರ್ಟು ಎಲ್ಲೈತಿ ಹೇಳು.”

ನಾನು ಪಠ್ಯಪುಸ್ತಕ ತೆರೆದೆ. ನಮ್ಮ ಪುಸ್ತಕದ ಪ್ರಕಾರ ಅಂತರರಾಷ್ಟ್ರೀಯ ಕಾನೂನಿನ ಮುಂದೆ ನಿಲ್ಲಬೇಕಾದವು ದೇಶಗಳು. ಹತ್ತು ದೇಶಗಳಲ್ಲಿ ವಿಷ ಕಲಸುವ ಕಂಪನಿ ಅದರ ಲೆಕ್ಕದಲ್ಲೇ ಇರಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ಪುಸ್ತಕದಲ್ಲಿದ್ದಂತೆಯೇ ಬರೆದು, ಒಳ್ಳೆಯ ದರ್ಜೆಯಲ್ಲಿ ಪಾಸಾದೆ.