ಬಿಳಿ ಅಂಗಿ, ನೀಲಿ ಪಟ್ಟಿ

ಅಮೆರಿಕದ ಜಾರ್ಜಿಯಾ ರಾಜ್ಯದ ಡಾಬ್ಸ್ ಫೆರಿಯಲ್ಲಿ ವರ್ಲೀನ್ ಟೂಕ್ಸ್ ಹೊಲಿದ ಬಟ್ಟೆಯನ್ನು ಒಮ್ಮೆಯಾದರೂ ತೊಡದವರು ಕಡಿಮೆ. ಊರಾಚೆಯ ಸಮವಸ್ತ್ರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾಲರ್ ಕೂರಿಸಿದವಳು ಆಕೆ. ದಾದಿಯರ ಕೋಟು, ಶಾಲೆಯ ಬ್ಯಾಂಡಿನವರ ಕೆಂಪಂಗಿ, ಪೆಟ್ರೋಲ್ ಬಂಕಿನವರ ಶರ್ಟು, ಎಲ್ಲವೂ ಆಕೆಯ ಕೈ ದಾಟಿಯೇ ಪೇಟೆಗೆ ಹೋಗುತ್ತಿದ್ದವು. ಒಂದು ದಿನ ಕಾರ್ಖಾನೆಯೇ ಗಂಟುಮೂಟೆ ಕಟ್ಟಿಕೊಂಡು ಅಗ್ಗದ ಕೈಗಳಿರುವ ದೇಶಕ್ಕೆ ಹೋಯಿತು. ಆಮೇಲೆ ವರ್ಲೀನ್ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಚರ್ಚಿನ ಗಾಯಕರಿಗೆ ನಿಲುವಂಗಿ, ಮದುಮಗಳಿಗೆ ಗೌನು, ಸತ್ತವರಿಗೆ ಸೂಟು ಹೊಲಿದುಕೊಂಡಿದ್ದಳು.

ಅರವತ್ತೈದಾಗಿತ್ತು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದವನು ಒಬ್ಬ ತಮ್ಮ, ಲೆಮ್ಯುಯಲ್. ಅವನು ಇಪ್ಪತ್ತೇಳರ ಪ್ರಾಯದಲ್ಲಿ ಇನ್ನಿಬ್ಬರ ಜೊತೆ ಸೇರಿ ಒಂದು ಅಂಗಡಿ ದೋಚಲು ಹೋಗಿ ಸಿಕ್ಕಿಬಿದ್ದ. ಯಾರ ಮೇಲೂ ಗುಂಡು ಹಾರಲಿಲ್ಲ. ಆದರೂ ಜೀವಾವಧಿ ಬಿತ್ತು. ಊರಿಂದ ಮೂರು ಗಂಟೆಯ ದಾರಿಯಲ್ಲಿ, ಸರ್ಕಾರದ ಜೈಲಿನ ಹೊಲದಲ್ಲಿ, ಮೂವತ್ತೊಂದು ವರ್ಷದಿಂದ ಗುದ್ದಲಿ ಹಿಡಿದಿದ್ದ. ಕೂಲಿ ಇಲ್ಲ. ವರ್ಲೀನ್ ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ನೋಡಿ ಬರುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ವಿಷಯ, ಆದರೆ ಆಕೆಯ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ. ಆಕೆಯೂ ಗೆಳತಿಯೊಬ್ಬಳ ಹತ್ತಿರ ಬಿಟ್ಟರೆ ಎತ್ತುತ್ತಿರಲಿಲ್ಲ.

ಹಾಳು ಬಿದ್ದಿದ್ದ ಕಾರ್ಖಾನೆಯ ಶೆಡ್ಡನ್ನು ಟೀವಿಯವರು ಬಾಡಿಗೆಗೆ ಹಿಡಿದಿದ್ದು ಆ ವರ್ಷದ ಬೇಸಗೆಯಲ್ಲಿ. ಧಾರಾವಾಹಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಕಥೆ ಮಾತ್ರ ಅಷ್ಟರಲ್ಲೇ ಊರೆಲ್ಲ ಹರಡಿತ್ತು. ಆ ಕಥೆಯಲ್ಲಿ, ಗುಲಾಮಗಿರಿಯ ವಿಷಯಕ್ಕೆ ಉತ್ತರದ ರಾಜ್ಯಗಳ ಜೊತೆ ನಡೆದ ನೂರೈವತ್ತು ವರ್ಷದ ಹಿಂದಿನ ಯುದ್ಧದಲ್ಲಿ ದಕ್ಷಿಣದವರೇ ಗೆದ್ದಿದ್ದಾರೆ. ಗುಲಾಮಗಿರಿ ನಿಂತೇ ಇಲ್ಲ. ಇವತ್ತಿನ ಜಾರ್ಜಿಯಾದಲ್ಲಿ, ಮೊಬೈಲು, ಹೆದ್ದಾರಿ, ದೊಡ್ಡ ಮಾಲು ಎಲ್ಲ ಇರುವ ಜಾರ್ಜಿಯಾದಲ್ಲಿ, ಕಪ್ಪು ಜನರನ್ನು ಇನ್ನೂ ಕೊಂಡು ಮಾರುತ್ತಾರೆ.

ಮೌಂಟ್ ನೀಬೋ ಚರ್ಚಿನ ಹಲಗೆಯ ಮೇಲೆ ಚೀಟಿ ಬಿತ್ತು: ಹೊಲಿಗೆ ಬಲ್ಲವರು ಬೇಕು. ವರ್ಲೀನ್ ಚೀಟಿ ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದನ್ನು ಕ್ಲೀಯೋಲಾ ನೋಡಿಬಿಟ್ಟಳು. ಗಾಯಕರ ತಂಡವನ್ನು ನಡೆಸುವ ಕ್ಲೀಯೋಲಾ, ವರ್ಲೀನಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು.

"ಅದನ್ನ ಒಲೆಗೆ ಹಾಕೋಕೆ ತಾನೇ ತಗೊಂಡಿದ್ದು?" ಎಂದಳು.

"ಕಾರಿನ ಎಂಜಿನ್ ಕೆಟ್ಟು ಕೂತಿದೆ ಕಣೇ. ಲೆಮ್‌ನ ನೋಡಿ ಒಂದೂವರೆ ತಿಂಗಳಾಯ್ತು."

"ನಾನು ಬಿಡ್ತೀನಿ ನನ್ನ ಕಾರಲ್ಲಿ."

"ಒಂದ್ಸಲ ಬಿಡ್ತೀಯ, ಎರಡು ಸಲ ಬಿಡ್ತೀಯ."

"ಥೂ, ನಿನ್ನ ಮುತ್ತಜ್ಜಿ ಡೈಸಿನ ಇದೇ ಊರಿನ ಕಟ್ಟೆ ಮೇಲೆ ನಿಲ್ಲಿಸಿ ಮಾರಿದ್ರು. ಅದನ್ನ ಇವರಿಗೆ ಮತ್ತೆ ಆಡಿ ನೋಡ್ಬೇಕಂತೆ. ನೀನು ದಾರ ಪೋಣಿಸಿ ಕೊಡು ಹೋಗು!"

ವರ್ಲೀನ್ ಚೀಲದ ಬಾಯಿ ಮುಚ್ಚಿಕೊಂಡಳು. ಸೋಮವಾರ ಕೆಲಸಕ್ಕೆ ಹೋದಳು.

ಶೆಡ್ಡಿನ ಒಳಗೆ ಹಳೆಯ ಎಣ್ಣೆಯ ವಾಸನೆ ಇನ್ನೂ ಇತ್ತು. ಉಡುಪು ವಿನ್ಯಾಸದ ಬ್ರಿನ್ ಎಂಬ ಹುಡುಗಿ ಕ್ಯಾಲಿಫೋರ್ನಿಯಾದವಳು, ಬಿಳಿಯಳು, ಮೂವತ್ತು ದಾಟಿರಲಿಲ್ಲ. ಒಳ್ಳೆಯವಳೇ. ಎಲ್ಲರಿಗೂ ತಾನೇ ಕಾಫಿ ತಂದುಕೊಡುತ್ತಿದ್ದಳು, 'ಮಿಸ್ ವರ್ಲೀನ್' ಎಂದು ಮರ್ಯಾದೆಯಿಂದ ಕರೆಯುತ್ತಿದ್ದಳು. ಆದರೆ ಆಕೆಗೆ ತನ್ನ ಚಿತ್ರಗಳೇ ಒಪ್ಪಿಗೆಯಾಗುತ್ತಿರಲಿಲ್ಲ. ಗೋಣಿಯ ಬಟ್ಟೆ, ತಲೆಗೆ ಕಟ್ಟಿದ ವಸ್ತ್ರ, ಎಲ್ಲ ಗೀಚಿ ಗೀಚಿ ಹರಿದು ಹಾಕಿದಳು.

"ಎಲ್ಲಾ ಮ್ಯೂಸಿಯಮ್ಮಿನ ಥರಾನೇ ಬರ್ತಿದೆ," ಎಂದಳು ಒಂದು ಮಧ್ಯಾಹ್ನ. "ನೀವು ಅಷ್ಟು ವರ್ಷ ಸಮವಸ್ತ್ರ ಹೊಲಿದೋರು. ಹೇಳಿ ಮಿಸ್ ವರ್ಲೀನ್, ಇವತ್ತಿನ ಕಾಲದಲ್ಲಿ ಗುಲಾಮರು ಇದ್ದಿದ್ರೆ ಏನು ಹಾಕ್ಕೊಳ್ತಿದ್ರು?"

ಕೆಲಸ ಬಲ್ಲವಳಿಗೆ ಕೆಲಸದ ಪ್ರಶ್ನೆ ಕೇಳಿದರೆ ಬಾಯಿ ಮನಸ್ಸಿಗಿಂತ ಮುಂದೆ ಓಡುತ್ತದೆ. ವರ್ಲೀನ್ ಅಂಚು ಮಡಿಸುತ್ತಲೇ ಹೇಳಿದಳು: "ಬಿಳಿ ಬಟ್ಟೆ. ಹಸಿರು ಹೊಲದಲ್ಲಿ ಎಷ್ಟು ದೂರ ಓಡಿದ್ರೂ ಕಾಣಬೇಕಲ್ಲ. ಪ್ಯಾಂಟಿಗೆ ಉದ್ದಕ್ಕೆ ನೀಲಿ ಪಟ್ಟಿ, ಕುದುರೆ ಮೇಲೆ ಕೂತ ಕಾವಲಿನೋರಿಗೆ ಕಾಲು ಯಾವ ಕಡೆ ತಿರುಗಿದೆ ಅಂತ ಗೊತ್ತಾಗೋಕೆ. ಜಿಪ್ಪು ಇಲ್ಲ, ಲಾಡಿ ಇಲ್ಲ. ಲಾಡಿ ಇದ್ರೆ ಕುತ್ತಿಗೆಗೆ ಬಿಗ್ಕೊಂಡಾರು. ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಯಾರ ಆಸ್ತಿ ಅಂತ ಬರೀಬೇಕು."

ಬ್ರಿನ್ ಕಣ್ಣರಳಿಸಿ ಪೆನ್ಸಿಲ್ ಎತ್ತಿಕೊಂಡಳು. "ಅಯ್ಯೋ ದೇವರೇ, ಎಷ್ಟು ಚೆನ್ನಾಗಿ ಕಲ್ಪಿಸ್ಕೊಂಡ್ರಿ! ಕೇಳ್ತಿದ್ರೆ ಮೈ ಜುಮ್ ಅನ್ನುತ್ತೆ."

ವರ್ಲೀನಳ ಕೈ ನಿಂತಿತು. ಆಕೆ ಏನನ್ನೂ ಕಲ್ಪಿಸಿಕೊಂಡಿರಲಿಲ್ಲ. ಹೋದ ಭೇಟಿಯಲ್ಲಿ ಲೆಮ್ ಮೇಜಿನಾಚೆ ಕೂತಿದ್ದಾಗ ಕಂಡ ಬಟ್ಟೆಯನ್ನು ತುಂಡು ತುಂಡಾಗಿ ಹೇಳಿದ್ದಳು, ಅಷ್ಟೇ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆಯ ಹೊತ್ತಿಗೆ ಮಾದರಿ ಒಪ್ಪಿಗೆಯಾಯಿತು. ನಾನೂರು ಜೊತೆ ಹೊಲಿಯಲು ಅಪ್ಪಣೆ ಬಂತು.

ಅದೇ ವಾರ ಗಲಾಟೆ ಹೊತ್ತಿಕೊಂಡಿತು. ಟೀವಿಯಲ್ಲಿ, ಮೊಬೈಲಿನಲ್ಲಿ, ಚರ್ಚಿನ ಅಂಗಳದಲ್ಲಿ ಅದೇ ಮಾತು. ಎಷ್ಟೋ ದೂರದ ಊರುಗಳಲ್ಲಿ ಕೂತವರು ಈ ಧಾರಾವಾಹಿ ಬೇಡ ಎಂದು ಬರೆದರು. ಮಾಡುವವರು, ಇದು ಬರೀ ಕಲ್ಪನೆ, ನೋಡದೆ ಬಯ್ಯಬೇಡಿ ಎಂದರು. ಪಾದ್ರಿ ಹೈರಮ್ ವೇದಿಕೆಯಿಂದ ಗುಡುಗಿದರು: "ನಮ್ಮ ನೋವು ಇವರ ಸಂಜೆಯ ತಿಂಡಿ ಆಗ್ಬೇಕಾ?" ಊರಿನ ಅರ್ಧ ಜನ ಆಮೆನ್ ಎಂದರು. ಉಳಿದರ್ಧ ತಲೆ ತಗ್ಗಿಸಿದರು, ಅವರೆಲ್ಲ ಗುಂಪಿನಲ್ಲಿ ನಿಲ್ಲುವ ಪಾತ್ರಕ್ಕೆ ಹೆಸರು ಕೊಟ್ಟು ಬಂದಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದ ಮೊದಲ ಕೆಲಸ ಅದು.

ಶೆಡ್ಡಿನ ಗೇಟಿನ ಮುಂದೆ ಘೋಷಣೆ ಬರೆದ ಹಲಗೆ ಹಿಡಿದವರು ನಿಂತರು. ಮುಂದಿನ ಸಾಲಿನಲ್ಲಿ ಕ್ಲೀಯೋಲಾ, ಭಾನುವಾರದ ಟೋಪಿ ಹಾಕಿಕೊಂಡು, ಮಡಚುವ ಕುರ್ಚಿ ತಂದುಕೊಂಡು. ವರ್ಲೀನ್ ದಿನಾ ಬೆಳಿಗ್ಗೆ ಆ ಸಾಲು ದಾಟಿಯೇ ಒಳಗೆ ಹೋಗಬೇಕಿತ್ತು.

"ನನ್ನ ಅಳತೇದೂ ಒಂದು ಹೊಲಿ ವರ್ಲೀನ್," ಎಂದು ಕೂಗಿದಳು ಕ್ಲೀಯೋಲಾ ಮೂರನೆಯ ದಿನ. "ಸೊಂಟದ ಹತ್ರ ಸ್ವಲ್ಪ ಸಡಿಲ ಇರ್ಲಿ. ಕೊಂಡ್ಕೊಳ್ಳೋರಿಗೆ ತೋರಿಸ್ಬೇಕಲ್ಲ ಬಗ್ಗಿ!"

ಸುತ್ತ ನಿಂತವರು ನಕ್ಕರು. ವರ್ಲೀನ್ ತಿರುಗಿ ನೋಡಲಿಲ್ಲ. ಒಳಗೆ ಹೋಗಿ ಕೂತಮೇಲೆ ಸೂಜಿಗೆ ದಾರ ಹಾಕಲು ಆಕೆಗೆ ಬಹಳ ಹೊತ್ತು ಹಿಡಿಯಿತು.

ಎಂಜಿನ್ ರಿಪೇರಿಯಾಯಿತು. ಮುಂದಿನ ಭಾನುವಾರ ಆಕೆ ಜೈಲಿಗೆ ಹೋದಳು. ಲೆಮ್ ಸೊರಗಿದ್ದ, ತುಟಿ ಬಿಸಿಲಿಗೆ ಒಡೆದಿತ್ತು. ಭೇಟಿಯ ಕೋಣೆಯಲ್ಲಿ ದುಡ್ಡು ಹಾಕಿದರೆ ತಿಂಡಿ ಕೊಡುವ ಮೆಷಿನ್ನಿನಿಂದ ಆಕೆ ತೆಗೆದುಕೊಟ್ಟ ಕೋಳಿಯ ರೆಕ್ಕೆಗಳನ್ನು ನಿಧಾನವಾಗಿ ಮೂಳೆ ಸೀಪಿ ತಿಂದ. ಕೊನೆಗೆ ವರ್ಲೀನ್ ಹೇಳಿಬಿಟ್ಟಳು: ತಾನು ಏನು ಹೊಲಿಯುತ್ತಿದ್ದೇನೆ, ಯಾರ ಬಟ್ಟೆ ನೋಡಿ ಹೇಳಿದೆ, ಎಲ್ಲ.

ಲೆಮ್ ಮೊದಲು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಕ್ಕ, ಕಂಕುಳಲ್ಲಿ ಒಂದು ತುಂಡು ಜಾಸ್ತಿ ಇಟ್ಟಿದ್ಯಾ? ಇಲ್ಲಿ ಇಡಲ್ಲ. ಗುದ್ದಲಿ ಎತ್ತಿದ್ರೆ ಪರ್ರ್ ಅಂತ ಹರಿಯುತ್ತೆ. ಹರಿದ್ರೆ ಬೈಗುಳ."

"ತಮಾಷೆ ಮಾಡ್ಬೇಡ್ವೋ."

"ಟೀವಿ ರೂಮಲ್ಲಿ ಸುದ್ದಿ ಬಂತು. ಗುಲಾಮಗಿರಿ ಇನ್ನೂ ಇದ್ದಿದ್ರೆ ಹೇಗಿರ್ತಿತ್ತು ಅಂತ ಕಥೆ ಮಾಡ್ತಾರಂತೆ ಅಂದ್ರು. ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ." ಅವನು ಕೈ ಒರೆಸಿಕೊಂಡ. "ಆ ಹುಡುಗಿಗೆ ಹೇಳಿದ್ಯಾ, ಇದು ಯಾರು ತೊಡೋ ಬಟ್ಟೆ ಅಂತ?"

"ಇಲ್ಲ."

"ಯಾಕೆ?"

"ನಾಚಿಕೆ ಆಯ್ತು ಕಣೋ."

"ನನ್ನಿಂದನಾ?"

ವರ್ಲೀನ್ ಮೇಜಿನ ಮೇಲಿದ್ದ ಕಾಗದದ ತಟ್ಟೆಯನ್ನು ಮಡಚಿದಳು, ಮತ್ತೆ ಮಡಚಿದಳು. ಇಲ್ಲ ಎನ್ನಲು ಬಾಯಿ ತೆರೆದಳು, ಸುಳ್ಳು ಬರಲಿಲ್ಲ. ಲೆಮ್ ಮೂಳೆಗಳನ್ನು ಒಂದೊಂದಾಗಿ ಮೇಜಿನ ಅಂಚಿಗೆ ಸರಿಸಿದ. ಭೇಟಿಯ ಹೊತ್ತು ಮುಗಿದು ಕಾವಲಿನವನು ಕೂಗಿದಾಗ ಎದ್ದು ನಿಂತು, "ಹೇಳು ಅವರಿಗೆ ಅಕ್ಕ. ಏನೂ ಆಗಲ್ಲ, ನಂಗೊತ್ತು. ಗೊತ್ತಿರ್ಲಿ ಅಷ್ಟೇ," ಎಂದ.

ಎರಡು ವಾರದ ಮೇಲೆ ಕ್ಯಾಮೆರಾ ಪರೀಕ್ಷೆ. ಊರಿನ ಎಂಬತ್ತು ಜನ, ಗಂಡಸರು ಹೆಂಗಸರು, ಬಿಳಿ ಬಟ್ಟೆ ತೊಟ್ಟು ಶೆಡ್ಡಿನ ನೆಲದ ಮೇಲೆ ಸಾಲಾಗಿ ನಿಂತರು. ಅವರೆಲ್ಲ ಆಕೆಗೆ ಬೇಕಾದವರು: ಅಂಚೆಯವನು, ಹೈಸ್ಕೂಲಿನ ಅಡುಗೆಯವಳು, ಕ್ಲೀಯೋಲಾಳ ಸ್ವಂತ ಸೊಸೆ. ಬರುವಾಗ ಹರಟುತ್ತಾ ಬಂದವರು ಬಟ್ಟೆ ಬದಲಿಸಿದ ಮೇಲೆ ಯಾಕೋ ದನಿ ಇಳಿಸಿದ್ದರು. ವರ್ಲೀನ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸಾಲಿನ ನಡುವೆ ತೋಳು, ಅಂಚು ಸರಿಮಾಡುತ್ತಾ ನಡೆದಳು. ಪ್ರತಿ ಬೆನ್ನೂ ಒಂದೇ ಥರ ಕಾಣುತ್ತಿತ್ತು.

ನಿರ್ಮಾಪಕನೊಬ್ಬ ಬಂದಿದ್ದ. ಸುತ್ತ ನೋಡಿ ಉಸಿರು ಬಿಟ್ಟ. "ಭಯ ಆಗುತ್ತೆ. ಹೀಗೂ ಆಗಬಹುದಿತ್ತಲ್ಲ ಅನ್ಸುತ್ತೆ."

ವರ್ಲೀನ್ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚಿದಳು.

"ಆಗ್ತಾ ಇದೆ ಸಾರ್," ಎಂದಳು. "ಈ ರಸ್ತೇಲಿ ದಕ್ಷಿಣಕ್ಕೆ ಮೂರು ಗಂಟೆ ಹೋಗಿ. ಎಡಗಡೆ ಹೊಲ ಸಿಗುತ್ತೆ. ಇದೇ ಬಟ್ಟೆ, ಇದೇ ಪಟ್ಟಿ. ನಾನು ಏನೂ ಕಲ್ಪಿಸ್ಕೊಂಡಿಲ್ಲ. ನನ್ನ ತಮ್ಮ ಲೆಮ್ಯುಯಲ್ ಮೂವತ್ತೊಂದು ವರ್ಷದಿಂದ ಕೂಲಿ ಇಲ್ದೆ ಅಲ್ಲಿ ಅಗೀತಾ ಇದ್ದಾನೆ."

ಆಗ ಹಿಂದಿನ ಸಾಲಿನಿಂದ ಥಡಿಯಸ್ ಎಂಬಾತ, ಕಾರು ತೊಳೆಯುವವನು, ಯಾರೊಡನೆಯೂ ಹೆಚ್ಚು ಮಾತಾಡದವನು, ನೆಲ ನೋಡುತ್ತಲೇ ಹೇಳಿದ: "ನಾನೂ ಒಂಬತ್ತು ವರ್ಷ ಇದ್ದೆ ಅಲ್ಲಿ. ಇವತ್ತು ತೊಟ್ಟಾಗಲೇ ಗೊತ್ತಾಯ್ತು."

ಬ್ರಿನ್ ಮುಖ ಬಿಳುಚಿಕೊಂಡಿತು. ಕೈಯಿಂದ ಬಾಯಿ ಮುಚ್ಚಿಕೊಂಡು, "ನಂಗೆ ಗೊತ್ತಿರ್ಲಿಲ್ಲ ಮಿಸ್ ವರ್ಲೀನ್," ಎಂದಳು. ಅಳುತ್ತಿದ್ದಳು. ನಿರ್ಮಾಪಕ ಫೋನ್ ಹಿಡಿದು ಮೂಲೆಗೆ ಹೋದ. ಹತ್ತು ನಿಮಿಷ ಯಾರ ಜೊತೆಗೋ ಮಾತಾಡಿ ಬಂದು ಬ್ರಿನ್‌ಗೆ ತಗ್ಗಿದ ದನಿಯಲ್ಲಿ ಹೇಳಿದ್ದು ವರ್ಲೀನಳ ಕಿವಿಗೂ ಬಿತ್ತು. ಸರ್ಕಾರದ ಜೈಲಿನ ಉಡುಪನ್ನು ಇದ್ದ ಹಾಗೇ ತೋರಿಸಿದರೆ ಕೋರ್ಟಿನ ತೊಂದರೆ ಬರಬಹುದಂತೆ. ಪಟ್ಟಿಯ ಬಣ್ಣ ಬದಲಿಸಿ ಹಸಿರು ಮಾಡಬೇಕಂತೆ.

ವರ್ಲೀನ್‌ಗೆ ಒಂದು ರಾಶಿ ಪ್ಯಾಂಟು, ಹೊಲಿಗೆ ಬಿಚ್ಚುವ ಕೊಕ್ಕೆ ತಂದುಕೊಟ್ಟರು. ಆಕೆ ಒಂದು ಪಟ್ಟಿಯನ್ನು ತೊಡೆಯಿಂದ ಹಿಮ್ಮಡಿಯವರೆಗೆ ಬಿಚ್ಚಿದಳು. ಆಮೇಲೆ ಕೊಕ್ಕೆ ಮೇಜಿನ ಮೇಲಿಟ್ಟು, ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಗೇಟಿನ ಹೊರಗೆ ಕ್ಲೀಯೋಲಾ ಕುರ್ಚಿಯಲ್ಲಿ ಕೂತಿದ್ದಳು. ಗೆಳತಿಯ ಮುಖ ನೋಡಿ ಆ ದಿನ ಅಣಕಿಸಲಿಲ್ಲ.

ಚಳಿಗಾಲ ಬರುವ ಮೊದಲೇ ಧಾರಾವಾಹಿಯನ್ನು ಕೈಬಿಟ್ಟರು. ಅಷ್ಟು ವಿರೋಧ ಕಟ್ಟಿಕೊಂಡು ನಡೆಸಲಾಗದು ಎಂದರಂತೆ. ಕೆಲಸ ಹೋದವರು ಚರ್ಚಿನವರನ್ನು ಬಯ್ದರು, ಚರ್ಚಿನವರು ಕುಣಿದಾಡಿದರು. ಪಾದ್ರಿ ಹೈರಮ್ ಕೃತಜ್ಞತೆಯ ಪ್ರಾರ್ಥನೆ ಇಟ್ಟರು. ಹಾಡು ಮುಗಿದಾಗ ಹಿಂದಿನ ಬೆಂಚಿನಿಂದ ವರ್ಲೀನ್ ಎದ್ದು ನಿಂತಳು. ಐವತ್ತು ವರ್ಷದಲ್ಲಿ ಆಕೆ ಚರ್ಚಿನಲ್ಲಿ ಎದ್ದು ಮಾತಾಡಿದ್ದು ಅದೇ ಮೊದಲು.

"ಧಾರಾವಾಹಿ ನಿಲ್ಲಿಸಿದ್ರಿ, ಒಳ್ಳೇದಾಯ್ತು," ಎಂದಳು. "ನನ್ನ ತಮ್ಮನ ಹೊಲ ನಿಂತಿಲ್ಲ. ಬರೋ ಭಾನುವಾರ ಹೋಗ್ತಾ ಇದ್ದೀನಿ. ಕಾರಲ್ಲಿ ನಾಲ್ಕು ಜನಕ್ಕೆ ಜಾಗ ಇದೆ. ಇಷ್ಟು ದಿನ ಗೇಟಲ್ಲಿ ನಿಂತೋರು ಯಾರು ಬರ್ತೀರಿ?"

ಜನ ಬೀಸಣಿಗೆ ಬೀಸಿಕೊಂಡರು. ಪಾದ್ರಿ ಕೆಮ್ಮಿದರು. "ಬೇರೆ ವಿಷಯ ಅದು, ಸಿಸ್ಟರ್ ಟೂಕ್ಸ್. ಪ್ರಾರ್ಥನೆ ಮಾಡೋಣ."

ಭಾನುವಾರ ಕ್ಲೀಯೋಲಾ ಒಬ್ಬಳೇ ಬಂದಳು. ಹೊಲ ಸಿಕ್ಕಾಗ, ಭಾನುವಾರವಾದ್ದರಿಂದ ಅದು ಬರಿದಾಗಿತ್ತು. ಕ್ಲೀಯೋಲಾ ಕಾರು ನಿಲ್ಲಿಸಲು ಹೇಳಿ ಕಿಟಕಿಯಿಂದ ಬಹಳ ಹೊತ್ತು ನೋಡಿದಳು. "ಇಷ್ಟು ವರ್ಷ ನಾನು ಒಂದ್ಸಲಾನೂ ಬರ್ಲಿಲ್ಲ ಅಲ್ವೇನೇ?" ಎಂದಳು. "ಕರ್ದಿರ್ಲಿಲ್ಲ ನಾನು," ಎಂದಳು ವರ್ಲೀನ್.

ಲೆಮ್ ಇನ್ನೊಂದು ಬೇಸಗೆಯನ್ನು ದಾಟಿದ, ಅದರ ಮುಂದಿನದನ್ನು ದಾಟಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ಬದನೆಯ ಸಾಲಿನಲ್ಲಿ ಬಿದ್ದನಂತೆ. ಕಾಗದದಲ್ಲಿ ಸಹಜ ಸಾವು ಎಂದು ಬರೆದಿದ್ದರು. ಅಲ್ಲಿದ್ದವನೊಬ್ಬ ಆಮೇಲೆ ಬರೆದ ಪತ್ರದಲ್ಲಿ, ನೀರು ಕೇಳಿದ್ದ, ಸಾಲು ಮುಗಿಸು ಎಂದರು, ಎಂದಿತ್ತು. ದೇಹ ಮನೆಗೆ ಬಂದಾಗ ವರ್ಲೀನ್ ಅವನಿಗೆ ಕಂದು ಬಣ್ಣದ ಸೂಟು ಹೊಲಿದಳು. ಅಳತೆ ಗೊತ್ತಿರಲಿಲ್ಲ, ಟೇಪು ಹಿಡಿದು ತಾನೇ ತೆಗೆದುಕೊಂಡಳು. ಇಪ್ಪತ್ತೇಳರಲ್ಲಿ ಹೊಲಿದುಕೊಟ್ಟ ಕೋಟಿಗಿಂತ ಎದೆ ಮೂರು ಇಂಚು ಕಡಿಮೆಯಾಗಿತ್ತು.

ಚರ್ಚು ತುಂಬಿತ್ತು. ಥಡಿಯಸ್ ಬಾಗಿಲ ಬಳಿಯೇ ನಿಂತಿದ್ದ, ಒಳಗೆ ಬರಲಿಲ್ಲ. ಪಾದ್ರಿ ಹೈರಮ್ ಒಳ್ಳೆಯ ಮಾತಾಡಿದರು. ವರ್ಲೀನ್ ಅದರಲ್ಲಿ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚೆ ಬಗ್ಗಿ, ತಮ್ಮನ ಕಿವಿಯ ಬಳಿ ಏನೋ ಹೇಳಿದಳು. ಪಕ್ಕದಲ್ಲಿದ್ದ ಕ್ಲೀಯೋಲಾಳಿಗೆ ಕೇಳಿಸಿತು. "ನಾಚಿಕೆ ನಿನ್ನಿಂದ ಅಲ್ಲ ಕಣೋ," ಎಂದಳಂತೆ.

ಈಗ ವರ್ಲೀನ್ ಟೂಕ್ಸ್‌ಗೆ ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದಾಳೆ. ಎರಡು ವಾರಕ್ಕೊಮ್ಮೆ ಕ್ಲೀಯೋಲಾ ಕಾರು ಓಡಿಸುತ್ತಾಳೆ. ಬೇರೆ ಬೇರೆ ಊರಿನ, ಕಾರಿಲ್ಲದ ತಾಯಂದಿರನ್ನು ಹತ್ತಿಸಿಕೊಂಡು ಇಬ್ಬರೂ ಅದೇ ಜೈಲಿಗೆ ಹೋಗುತ್ತಾರೆ. ಅವರನ್ನು ಒಳಗೆ ಕಳಿಸಿ ವರ್ಲೀನ್ ಹೊರಗೆ ಕಾರಿನಲ್ಲೇ ಕೂರುತ್ತಾಳೆ. ಗೇಟಿನಲ್ಲಿ ಹೇಳಿ ಒಳಗೆ ಹೋಗಲು ಆಕೆಗೆ ಈಗ ಯಾವ ಕೈದಿಯ ಹೆಸರೂ ಇಲ್ಲ.